ಬಂಗಲೆ ಹಿಂದಿನ ಗ್ರೇಪ್‌ಫ್ರೂಟ್ ಮರ: ಇದು ಯಾವ ತಳಿ? ಕಹಿ ಕಡಿಮೆ ಇರುವುದು ಯಾವುದು?

ಹೊಳೆಬದಿಮನೆ (ಮಡಿಕೇರಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಕೊಂಡ ಕಾಫಿ ತೋಟದಲ್ಲಿ ಹಳೆಯ ಬಂಗಲೆಯ ಹಿಂದೆ ಒಂದು ಗ್ರೇಪ್‌ಫ್ರೂಟ್ ಮರವಿದೆ. ಯಾರು ನೆಟ್ಟದ್ದೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಸಿಪ್ಪೆ ತೆಳುಹಳದಿ, ಒಳಗೆ ಬಿಳಿ, ತೊಳೆತೊಳೆಯಲ್ಲೂ ಬೀಜ. ಹುಳಿಯ ಬೆನ್ನಿಗೇ ಕಹಿ. ಅತ್ತೆ ಇದನ್ನು ಚಕ್ಕೋತ ಎನ್ನುತ್ತಾರೆ, ನನಗೆ ಹಾಗನ್ನಿಸುವುದಿಲ್ಲ.

ಹೋಮ್‌ಸ್ಟೇಗೆ ಬರುವವರಿಗೆ ಬೆಳಗಿನ ತಿಂಡಿಯ ಜೊತೆ ಇಟ್ಟರೆ ಕೆಲವರು ಕೇಳಿ ಹಾಕಿಸಿಕೊಳ್ಳುತ್ತಾರೆ, ಉಳಿದವರು ಒಂದು ತೊಳೆಗೇ ಸಾಕೆನ್ನುತ್ತಾರೆ. ಬೆಂಗಳೂರಿನಲ್ಲಿ ಕೊಂಡ ಆಮದಿನ ಹಣ್ಣು ಒಳಗೆ ಕೆಂಪಗಿತ್ತು, ಇಷ್ಟು ಕಹಿಯಿರಲಿಲ್ಲ. ಕೆಂಪು ಎಂದರೆ ಸಿಹಿ ಎಂದೇ ಲೆಕ್ಕವೇ? ಈ ಮಳೆಗಾಲಕ್ಕೆ ಮನೆಯ ಹತ್ತಿರ ಎರಡು ಸಸಿ ನೆಡಬೇಕೆಂದಿದ್ದೇವೆ. ತಿಂದು ನೋಡಿದವರು ರುಚಿಯನ್ನು ವಿವರಿಸಿ ಹೇಳಿದರೆ ಉಪಕಾರವಾಗುತ್ತದೆ.

ಕುಶಾಲನಗರದ ರೈತ:

ನಮ್ಮಲ್ಲಿ ಕೆಂಪು ತಳಿಯ ಒಂದು ಗಿಡವಿದೆ. ನರ್ಸರಿಯವರು ಹೆಸರು ಹೇಳಲಿಲ್ಲ. ಒಳಗಿನ ಬಣ್ಣ ಗುಲಾಬಿಯಷ್ಟೇ ಬರುತ್ತದೆ, ಚಿತ್ರದಲ್ಲಿ ತೋರಿಸುವ ಕಡುಕೆಂಪು ಬಂದಿಲ್ಲ. ರುಚಿ ಚೆನ್ನಾಗಿದೆ, ಹುಳಿ ಸ್ವಲ್ಪ ಮುಂದು. ನಮ್ಮದು ಬಯಲು ಸೀಮೆಯ ಅಂಚು, ಬಿಸಿಲು ಹೆಚ್ಚು. ಮಡಿಕೇರಿ ಕಡೆಯ ಮಂಜಿನಲ್ಲಿ ಇಷ್ಟಾದರೂ ಬಣ್ಣ ಬರುತ್ತದೆಯೋ ಇಲ್ಲವೋ, ತಿಳಿದವರು ಹೇಳಲಿ.

ಚೆಟ್ಟಳ್ಳಿ ತೋಟ:

ಅಕ್ಕಾ, ಮೊದಲು ಚಕ್ಕೋತದ ಸಂದೇಹ ತೀರಿಸೋಣ. ಗೊಂಚಲು ಎಂದಿರಿ, ಅದೇ ದೊಡ್ಡ ಗುರುತು. ಚಕ್ಕೋತ ಹೆಚ್ಚಾಗಿ ಒಂಟಿಯಾಗಿ ಜೋತುಬೀಳುತ್ತದೆ. ಎಳೆಯ ಚಿಗುರುಕಡ್ಡಿಯನ್ನು ಬೆರಳಿನಿಂದ ಸವರಿಯೂ ನೋಡಿ. ಚಕ್ಕೋತದ್ದಾದರೆ ನವಿರಾದ ರೋಮ ಕೈಗೆ ಸಿಗುತ್ತದೆ, ಗ್ರೇಪ್‌ಫ್ರೂಟಿನದು ನುಣ್ಣಗಿರುತ್ತದೆ. ಚಕ್ಕೋತದ ತೊಳೆಯ ಪೊರೆಯನ್ನು ಸುಲಿದರೆ ಒಳಗಿನ ಎಸಳು ಬಿಡಿಬಿಡಿಯಾಗಿ ಉದುರುತ್ತದೆ, ಕೈ ಒದ್ದೆಯಾಗುವುದಿಲ್ಲ. ಗ್ರೇಪ್‌ಫ್ರೂಟಿನ ಪೊರೆ ತಿರುಳಿಗೆ ಅಂಟಿಕೊಂಡಿರುತ್ತದೆ, ಎಳೆದರೆ ರಸ ಮೊಣಕೈವರೆಗೆ ಹರಿಯುತ್ತದೆ. ಹಾಗೆಂದು ನಿಮ್ಮ ಅತ್ತೆಯವರ ಮಾತು ಪೂರ್ತಿ ತಪ್ಪಲ್ಲ. ಚಕ್ಕೋತವೂ ಸಿಹಿ ಕಿತ್ತಳೆಯೂ ತಾವಾಗಿಯೇ ಬೆರೆತು ಕೆರಿಬಿಯನ್ ಕಡಲಿನ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ ಹಣ್ಣು ಇದು. ನಮ್ಮ ಚಕ್ಕೋತಕ್ಕೆ ಇದು ಮಗುವೇ.

ಬಿಳಿ ತಿರುಳು, ತುಂಬ ಬೀಜ ಎಂದರೆ ಫ್ಲಾರಿಡಾದ ಹಳೆಯ ಡಂಕನ್ ತಳಿ ಅಥವಾ ಅದರ ಬಳಗದ್ದಿರಬೇಕು. ಒಂದು ಹಣ್ಣಿನಲ್ಲಿ 30ರಿಂದ 50 ಬೀಜವಿರುವುದು ಅದಕ್ಕೆ ಸಹಜ. ದಯವಿಟ್ಟು ಆ ಮರವನ್ನು ಕಡಿಯಬೇಡಿ. ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಚಳಿಗಾಲದಲ್ಲಿ ಅಲ್ಲಿಗೆ ಹೋದಾಗ ಸಂತೆಯಲ್ಲಿ ಸಿಗುವ ತಳಿಗಳನ್ನೆಲ್ಲ ತಂದು ತಿಂದಿದ್ದೇನೆ. ಘಮ ಮತ್ತು ರುಚಿಯ ಗಾಢತೆಯಲ್ಲಿ ಬೀಜದ ಬಿಳಿ ಹಣ್ಣನ್ನು ಮೀರಿಸುವುದು ನನಗೆ ಇನ್ನೂ ಸಿಕ್ಕಿಲ್ಲ. ಹುಳಿ, ಸಿಹಿ, ಕಹಿ ಮೂರೂ ಅದರಲ್ಲಿ ಜೋರಾಗಿವೆ, ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಬೀಜವಿಲ್ಲದ ಬಿಳಿ ತಳಿ ಬೇಕೆಂದರೆ ಮಾರ್ಷ್ ಇದೆ. ಅದರಲ್ಲಿ ರಸ ಧಾರಾಳ, ರುಚಿ ಡಂಕನ್‌ಗಿಂತ ಒಂದು ಹೆಜ್ಜೆ ಸೌಮ್ಯ. ನಮ್ಮ ತೋಟದಲ್ಲಿರುವುದು ಇದೇ.

ಈಗ ಬಣ್ಣದ ಮಾತು. ಕೆಂಪು ತಂದುಕೊಡುವುದು ಲೈಕೋಪೀನ್, ಟೊಮೆಟೊದಲ್ಲಿರುವುದೇ. ಅದಕ್ಕೆ ರುಚಿಯೇ ಇಲ್ಲ. ಕೆಂಪು ತಳಿಗಳಲ್ಲಿ ಹೆಚ್ಚಿನವು ಬಿಳಿ ಮರಗಳಿಂದಲೇ ಬಂದವು. ಮಾರ್ಷ್ ಮರದ ಒಂದು ಕೊಂಬೆ ಗುಲಾಬಿ ಹಣ್ಣು ಬಿಟ್ಟಿತು, 1913ರಲ್ಲಿ, ಅದು ಥಾಂಪ್ಸನ್. ಥಾಂಪ್ಸನ್ ಮರದ ಒಂದು ಕೊಂಬೆ ಇನ್ನೂ ಕೆಂಪಗಿನ ಹಣ್ಣು ಬಿಟ್ಟಿದ್ದನ್ನು 1929ರಲ್ಲಿ ಟೆಕ್ಸಾಸಿನ ಮೆಕ್ಯಾಲೆನ್‌ನಲ್ಲಿ ಕಂಡರು. ಅದು ರೂಬಿ ರೆಡ್. ಬಳಿಕ ವಿಜ್ಞಾನಿಗಳು ಬೀಜಕ್ಕೂ ಕಡ್ಡಿಗೂ ವಿಕಿರಣ ಹಾಯಿಸಿ 1970ರಲ್ಲಿ ಸ್ಟಾರ್ ರೂಬಿಯನ್ನು, 1984ರಲ್ಲಿ ರಿಯೋ ರೆಡ್ಡನ್ನು ಬಿಡುಗಡೆ ಮಾಡಿದರು. ರೂಬಿ ರೆಡ್ ಹೆಚ್ಚುಕಡಿಮೆ ಮಾರ್ಷ್‌ನಂತೆಯೇ ರುಚಿಸುತ್ತದೆ. ಸ್ಟಾರ್ ರೂಬಿ ನಿಜಕ್ಕೂ ಬೇರೆ: ತಿರುಳು ಬಿಗಿ, ಸಿಹಿ ಮುಂದು, ಕಹಿ ಹಿಂದೆ. ದಕ್ಷಿಣ ಆಫ್ರಿಕಾದಿಂದ ರಫ್ತಾಗುವುದರಲ್ಲಿ ಇದರದೇ ದೊಡ್ಡ ಪಾಲು, ನೀವು ಬೆಂಗಳೂರಿನಲ್ಲಿ ತಿಂದದ್ದೂ ಇದೇ ಇರಬಹುದು. ಆದರೆ ಇದರ ಮರ ಬಲು ಸೂಕ್ಷ್ಮ. ಬುಡಕೊಳೆ ರೋಗಕ್ಕೆ ಬೇಗ ಬಲಿಯಾಗುತ್ತದೆ, ಕಳೆನಾಶಕದ ಗಾಳಿ ತಾಗಿದರೂ ಎಲೆ ಹಳದಿಯಾಗುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ಅದನ್ನು ನಿಲ್ಲಿಸಿಕೊಳ್ಳುವುದು ಕಷ್ಟ. ರಿಯೋ ರೆಡ್ ಮರಕ್ಕೆ ಹೆಚ್ಚು ಕಸುವಿದೆ.

ಕುಶಾಲನಗರದವರ ಪ್ರಶ್ನೆಗೆ: ಲೈಕೋಪೀನ್ ಚೆನ್ನಾಗಿ ಕೂಡಲು ಸೆಕೆ ಬೇಕು. ಹುಳಿ ಇಳಿಯಲೂ ಸೆಕೆಯೇ ಬೇಕು. ಎತ್ತರಕ್ಕೆ ಹೋದಂತೆ ಬಣ್ಣ ತಿಳಿಯಾಗಿ ಹುಳಿ ಉಳಿದುಕೊಳ್ಳುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ತಳಿಯನ್ನು ದೂರುವ ಮೊದಲು ಕಾಯಿರಿ! ಈ ಹಣ್ಣು ಕಿತ್ತ ಮೇಲೆ ಮಾವಿನಂತೆ ಮಾಗುವುದಿಲ್ಲ. ಮರದ ಮೇಲೆ ಮಾತ್ರ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ, ನಿಂತಷ್ಟೂ ಹುಳಿ ಇಳಿಯುತ್ತದೆ. ನಮ್ಮ ಮಾರ್ಷ್ ಡಿಸೆಂಬರಿನಲ್ಲಿ ಹಳದಿಯಾಗುತ್ತದೆ, ಆಗ ತಿಂದರೆ ಹಲ್ಲು ಚುಳ್ಳೆನ್ನುತ್ತದೆ. ಅದೇ ಕೊಂಬೆಯ ಹಣ್ಣನ್ನು ಫೆಬ್ರವರಿ ಕೊನೆಗೆ, ಕಾಫಿಗೆ ಹೂಮಳೆ ಕಾಯುವ ಹೊತ್ತಿಗೆ ಕಿತ್ತರೆ ಸಕ್ಕರೆಯ ಹಂಗಿಲ್ಲದೆ ತಿನ್ನಬಹುದು. ತೀರಾ ತಡವಾದರೆ ಬೀಜ ಒಳಗೇ ಬೇರು ಬಿಟ್ಟು ತಿರುಳು ಒಣಗುತ್ತದೆ. ಬೀಜದ ತುದಿಯಲ್ಲಿ ಬಿಳಿ ಮೊಳಕೆ ಕಂಡರೆ ಉಳಿದದ್ದನ್ನೆಲ್ಲ ಕೂಡಲೇ ಕೊಯ್ದುಬಿಡಿ.

ಹೊಳೆಬದಿಮನೆ:

ಅಣ್ಣಾ, ತುಂಬಾ ಧನ್ಯವಾದ. ಚಿಗುರು ಸವರಿ ನೋಡಿದೆ, ನುಣ್ಣಗಿದೆ. ನಾವು ಡಿಸೆಂಬರಿನಲ್ಲೇ ಕೊಯ್ಯುತ್ತಿದ್ದೆವು, ಇನ್ನು ಕಾಯುತ್ತೇವೆ. ಕಹಿಯೇ ಬೇಡ ಎನ್ನುವವರಿಗೆ ಯಾವುದಾದರೂ ತಳಿ ಇದೆಯೇ? ಬಡಿಸುವಾಗ ಕಹಿ ತಗ್ಗಿಸುವ ಉಪಾಯವಿದ್ದರೆ ಅದನ್ನೂ ತಿಳಿಸಿ.

ವಿರಾಜಪೇಟೆ ಫಾರ್ಮಸಿಸ್ಟ್:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ, ಅತಿಥಿಗಳಿಗೆ ಬಡಿಸುತ್ತೀರಿ ಎಂದದ್ದಕ್ಕೆ ಹೇಳಲೇಬೇಕು. ಗ್ರೇಪ್‌ಫ್ರೂಟಿನಲ್ಲಿರುವ ಫ್ಯುರಾನೊಕೌಮರಿನ್ ಎಂಬ ಅಂಶಗಳು ಕರುಳಿನಲ್ಲಿ ಕೆಲವು ಔಷಧಿಗಳನ್ನು ಒಡೆಯುವ ಕಿಣ್ವವನ್ನು ನಿಲ್ಲಿಸಿಬಿಡುತ್ತವೆ. ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತಕ್ಕೆ ಹೆಚ್ಚು ಔಷಧಿ ಸೇರುತ್ತದೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ಫೆಲೋಡಿಪಿನ್, ಮೂತ್ರಪಿಂಡ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್ ಇವೆಲ್ಲ ಆ ಸಾಲಿನವು. ಪರಿಣಾಮ ಒಂದು ದಿನಕ್ಕೂ ಹೆಚ್ಚು ಉಳಿಯುವುದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಸಮಾಧಾನಪಡುವಂತಿಲ್ಲ. ಚಕ್ಕೋತಕ್ಕೂ ಇದೇ ಎಚ್ಚರ ಬೇಕು. ತಟ್ಟೆ ಇಡುವ ಮೊದಲು ಒಂದು ಮಾತು ಕೇಳಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ವಿಚಾರಿಸಿ ತಿನ್ನಲಿ.

ಚೆಟ್ಟಳ್ಳಿ ತೋಟ:

ಫಾರ್ಮಸಿಸ್ಟ್ ಹೇಳಿದ್ದನ್ನು ಖಂಡಿತ ಪಾಲಿಸಿ. ನನಗೂ ಸ್ಟಾಟಿನ್ ಬರೆದುಕೊಡುವಾಗ ವೈದ್ಯರು ಮೊದಲು ವಿಚಾರಿಸಿದ್ದು ಈ ಹಣ್ಣನ್ನೇ.

ಕಹಿಯೇ ಬೇಡವೆಂದರೆ ಓರೊಬ್ಲಾಂಕೊ. ಹುಳಿಯಿಲ್ಲದ ಚಕ್ಕೋತಕ್ಕೆ ಬಿಳಿ ಗ್ರೇಪ್‌ಫ್ರೂಟನ್ನು ಕೂಡಿಸಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್‌ನಲ್ಲಿ ಬೆಳೆಸಿದ ತಳಿ ಅದು. ಸಿಪ್ಪೆ ದಪ್ಪ, ಬೀಜವಿಲ್ಲ, ಹುಳಿ ಬಹಳ ಕಡಿಮೆ. ಸೆಕೆ ಕಡಿಮೆಯಿರುವ ಕಡೆಯೂ ಸಿಹಿಯಾಗುವುದರಿಂದ ನಿಮ್ಮ ಎತ್ತರಕ್ಕೆ ಹೊಂದಬಹುದು. ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ನನಗೆ ಮಾತ್ರ ಅದರಲ್ಲಿ ಏನೋ ಕೊರತೆ ಎನ್ನಿಸುತ್ತದೆ. ನಮ್ಮ ಕೊಡಗಿನ ಕಹಿ ಕಿತ್ತಳೆ ಕೈಪುಳಿಗೆ ಬೆಲ್ಲ, ಹಸಿಮೆಣಸು ಹಾಕಿದ ಕರಿಯನ್ನು ಅನ್ನಕ್ಕೆ ಕಲಸಿ ಬೆಳೆದ ನಾಲಿಗೆ ನನ್ನದು, ಕಹಿ ಇಲ್ಲದಿದ್ದರೆ ಊಟ ಮುಗಿದಂತಾಗುವುದಿಲ್ಲ. ಇದು ನನ್ನ ರುಚಿ, ನಿಮ್ಮ ಅತಿಥಿಗಳ ಮೇಲೆ ಹೇರಬೇಡಿ.

ಬಡಿಸುವ ಬಗೆ: ಕಹಿಯ ಅಂಶವಾದ ನರಿಂಜಿನ್ ಹೆಚ್ಚಾಗಿರುವುದು ಸಿಪ್ಪೆಯೊಳಗಿನ ಬಿಳಿ ಭಾಗ ಮತ್ತು ಪೊರೆಯಲ್ಲಿ. ಹರಿತವಾದ ಚಾಕುವಿನಿಂದ ಸಿಪ್ಪೆಯನ್ನು ಬಿಳಿಯ ಸಮೇತ ಹೆರೆದು, ಪೊರೆಯ ಎರಡೂ ಬದಿಗೆ ಗೀರಿ, ತಿರುಳನ್ನು ಮಾತ್ರ ಎತ್ತಿಕೊಳ್ಳಿ. ಮೇಲೆ ಚಿಟಿಕೆ ಉಪ್ಪು. ಸಕ್ಕರೆಗಿಂತ ಉಪ್ಪು ಕಹಿಯನ್ನು ಚೆನ್ನಾಗಿ ಅಡಗಿಸುತ್ತದೆ.

ಎರಡು ಸಸಿ ಎಂದರೆ ನನ್ನ ಆಯ್ಕೆ ಒಂದು ಮಾರ್ಷ್, ಒಂದು ರಿಯೋ ರೆಡ್; ಓರೊಬ್ಲಾಂಕೊ ಸಿಕ್ಕರೆ ರಿಯೋ ರೆಡ್ ಬದಲು ಅದು. ರೋಗವಿಲ್ಲದ ಕಸಿಗಾಗಿ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಮೊದಲು ವಿಚಾರಿಸಿ. ನಮ್ಮ ಕಿತ್ತಳೆ ತೋಟಗಳನ್ನು ಹಾಳು ಮಾಡಿದ ಗ್ರೀನಿಂಗ್ ರೋಗ ಇದಕ್ಕೂ ಬರುತ್ತದೆ. ಗುಂಡಿಯಲ್ಲಿ ನೀರು ನಿಲ್ಲದಂತೆ ದಿಬ್ಬ ಮಾಡಿ ನೆಡಿ, ಕಸಿಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ, ಮಳೆಗೆ ಮುಂಚೆ ಬುಡಕ್ಕೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣ ಕಲಸಿದ್ದು) ಹಚ್ಚಿ. ಗಂಟಿನ ಕೆಳಗೆ ಎದ್ದ ಚಿಗುರನ್ನು ಎಳೆಯದಾಗಿರುವಾಗಲೇ ಮುರಿದುಹಾಕಿ, ಇಲ್ಲದಿದ್ದರೆ ಬೇರುಸಸಿಯೇ ಮೇಲಿನದನ್ನು ಮೀರಿ ಬೆಳೆಯುತ್ತದೆ.