ಆಕ್ಯುಟ್ರಾನ್ 214: ಸದ್ದು ಸರಿಯಾಗಿದೆ, ಗಂಟೆಗೆ 15-20 ನಿಮಿಷ ಮುಂದೆ ಓಡುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬುಲೋವಾ ಆಕ್ಯುಟ್ರಾನ್ 214 ವಾಚು ಇದೆ, ನಮ್ಮ ಮಾವನವರು ಕಟ್ಟುತ್ತಿದ್ದದ್ದು. ಹಿಂಬದಿ ಮುಚ್ಚಳದ ಮೇಲೆ ಎಂ6 ಅಂತ ಕೊರೆದಿದೆ. ವರ್ಷಗಟ್ಟಲೆ ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು. ಸದ್ಯ, ಹಳೇ ಸೆಲ್ ಸೋರಿರಲಿಲ್ಲ. ಹೊಸ 387ಎಸ್ ಸೆಲ್ ಹಾಕಿದ ತಕ್ಷಣ ಗುಂಯ್ ಅಂತ ಶುರುವಾಯಿತು. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಕಿವಿಗೆ ಹಿಡಿದು ಕೇಳಿದರು.

ಆದರೆ ಗಂಟೆಗೆ 15-20 ನಿಮಿಷ ಮುಂದೆ ಹೋಗುತ್ತಿದೆ. ಎಲ್ಲಾ ಗಂಟೆಗೂ ಒಂದೇ ಲೆಕ್ಕ ಅಲ್ಲ. ಮಲಗಿಸಿಟ್ಟರೆ ಒಂದು ಥರ, ನಿಲ್ಲಿಸಿಟ್ಟರೆ ಇನ್ನೊಂದು ಥರ. ಸೆಕೆಂಡ್ ಮುಳ್ಳು ಮಾತ್ರ ನುಣ್ಣಗೆ ಜಾರುತ್ತದೆ, ಎಲ್ಲೂ ಎಗರುವುದಿಲ್ಲ. ಒಳಗಿನ ಟ್ಯೂನಿಂಗ್ ಫೋರ್ಕಿನ ತುದಿಯಲ್ಲಿರುವ, ವೇಗ ಹೊಂದಿಸುವ ರೆಗ್ಯುಲೇಟರನ್ನು ನಿಧಾನದ ಕಡೆಗೆ ಎರಡು ಗುರುತು ತಿರುಗಿಸಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಫೋರ್ಕನ್ನು ನಡುಗಿಸುವ ತಂತಿಸುರುಳಿ, ಅಂದರೆ ಕಾಯಿಲ್, ಕೆಟ್ಟಿದೆಯಾ? ದಯವಿಟ್ಟು ಯಾರಾದರೂ ಹೇಳಿ.

ಉತ್ತರ 1

ಅಷ್ಟು ವರ್ಷ ಸುಮ್ನೆ ಬಿದ್ದಿದ್ದರೆ ಒಳಗೆ ಎಣ್ಣೆ ಗಟ್ಟಿಯಾಗಿರುತ್ತದೆ. ಒಮ್ಮೆ ಪೂರ್ತಿ ಬಿಚ್ಚಿ ತೊಳೆಸಿ ನೋಡಿ.

ಉತ್ತರ 2

ತೊಳೆಸುವುದು ಒಳ್ಳೆಯದೇ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಎಣ್ಣೆ ಗಟ್ಟಿಯಾದರೆ ವಾಚು ಹಿಂದೆ ಬೀಳಬೇಕು, ಇಲ್ಲ ನಿಲ್ಲಬೇಕು. ಮುಂದೆ ಓಡುವುದಿಲ್ಲ. ಕಾಯಿಲ್ ಕೆಟ್ಟಿದ್ದರೆ ಗುಂಯ್ ಅನ್ನುತ್ತಲೇ ಇರಲಿಲ್ಲ, ಅದರ ಚಿಂತೆ ಬಿಡಿ.

ರೆಗ್ಯುಲೇಟರನ್ನು ಮೊದಲು ಇದ್ದ ಜಾಗಕ್ಕೇ ತಂದುಬಿಡಿ. ಅದರ ಒಂದೊಂದು ಗುರುತಿಗೆ ದಿನಕ್ಕೆ ಬರೀ 2 ಸೆಕೆಂಡ್ ವ್ಯತ್ಯಾಸ. ಗಂಟೆಗೆ 20 ನಿಮಿಷದ ತಪ್ಪನ್ನು ಅದರಲ್ಲಿ ಸರಿಮಾಡಲು ಆಗುವುದೇ ಇಲ್ಲ.

ಈಗ ಒಂದು ಕೆಲಸ ಮಾಡಿ. ಸಂಗೀತದವರು ಶ್ರುತಿ ನೋಡುವ ಟ್ಯೂನರ್ ಆ್ಯಪ್ ಇರುತ್ತಲ್ಲ, ಅದನ್ನು ಫೋನಿನಲ್ಲಿ ಹಾಕಿಕೊಂಡು ವಾಚನ್ನು ಮೈಕಿಗೆ ಒತ್ತಿ ಹಿಡಿಯಿರಿ. 360 ಹರ್ಟ್ಸ್ ಹತ್ತಿರ ತೋರಿಸಬೇಕು. ಈ ವಾಚಿನಲ್ಲಿ ಬ್ಯಾಲೆನ್ಸ್ ಚಕ್ರವೂ ಇಲ್ಲ, ಕ್ವಾರ್ಟ್ಜ್ ಹರಳೂ ಇಲ್ಲ. ಸೆಕೆಂಡಿಗೆ 360 ಸಲ ನಡುಗುವ ಪುಟ್ಟ ಶ್ರುತಿಕವೆಯೇ, ಅಂದರೆ ಟ್ಯೂನಿಂಗ್ ಫೋರ್ಕೇ, ಕಾಲ ಅಳೆಯುತ್ತದೆ. ಮ್ಯಾಕ್ಸ್ ಹೆಟ್ಜೆಲ್ ರೂಪಿಸಿ, 1960ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ ಇದು. ಇವತ್ತಿಗೂ ಮುಚ್ಚಳ ತೆಗೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಿಮ್ಮದು 1966ರದ್ದು. ಎಂ ಅಂದರೆ ಅರವತ್ತರ ದಶಕ, ಎನ್ ಇದ್ದರೆ ಎಪ್ಪತ್ತರದು.

ಆ್ಯಪ್ ಏನು ತೋರಿಸಿತು ಅಂತ ಬರೆಯಿರಿ, ಮುಂದಿನದು ಆಮೇಲೆ ಹೇಳುತ್ತೇನೆ.

ಕೇಳಿದವರು

ಸರ್, 360 ತೋರಿಸುತ್ತಿದೆ. ಒಂದು ಅಂಕಿಯೂ ಅಲುಗುತ್ತಿಲ್ಲ! ಹಾಗಿದ್ದರೆ ಮುಳ್ಳುಗಳು ಹೇಗೆ ಓಡುತ್ತಿವೆ?

ಉತ್ತರ 2

ಹಾಗಾದರೆ ಫೋರ್ಕ್ ಸರಿಯಾಗಿದೆ. ತಪ್ಪಾಗುತ್ತಿರುವುದು ಎಣಿಕೆ.

ಫೋರ್ಕಿನ ಒಂದು ಕಾಲಿಗೆ ಕೂದಲಿನಂಥ ಸಣ್ಣ ಸ್ಪ್ರಿಂಗ್ ಇದೆ, ತುದಿಯಲ್ಲಿ ಒಂದು ಕೆಂಪು ಕಲ್ಲು. ಅದು ಇಂಡೆಕ್ಸ್ ಬೆರಳು. ಫೋರ್ಕ್ ಒಂದು ಸಲ ನಡುಗಿದರೆ ಬೆರಳು ಇಂಡೆಕ್ಸ್ ಚಕ್ರದ ಒಂದು ಹಲ್ಲನ್ನು ಎಳೆಯುತ್ತದೆ. ಚಕ್ರ ಹಿಂದೆ ಜಾರದಂತೆ ಹಿಡಿಯಲು ಅಂಥದೇ ಇನ್ನೊಂದು ಬೆರಳಿದೆ, ಅದಕ್ಕೆ ಪಾಲ್ ಅಂತಾರೆ. ಚಕ್ರದ ಅಗಲ 2.4 ಮಿಲಿಮೀಟರ್. ಅದರ ಅಂಚಿನಲ್ಲಿ 300 ಹಲ್ಲು. ಲೆಕ್ಕ ಹಾಕಿದರೆ ಒಂದು ಹಲ್ಲಿನಿಂದ ಮುಂದಿನದಕ್ಕೆ 0.025 ಮಿಲಿಮೀಟರ್ ಅಷ್ಟೇ. ವಾಚು ರಿಪೇರಿಯವರ ಮಾಮೂಲಿ ಭೂತಗನ್ನಡಿಯಲ್ಲಿ (ಲೂಪ್) ನೋಡಿದರೆ ಹಲ್ಲೇ ಕಾಣುವುದಿಲ್ಲ, ಅಂಚು ಮಂಜು ಕಟ್ಟಿದ ಹಾಗೆ ಕಾಣುತ್ತದೆ. ಸೂಕ್ಷ್ಮದರ್ಶಕವೇ ಬೇಕು.

ಫೋರ್ಕ್ ಬೇಕಾದಷ್ಟೇ ಅಲುಗಿದರೆ ಒಂದು ನಡುಕಕ್ಕೆ ಒಂದೇ ಹಲ್ಲು. ಜಾಸ್ತಿ ಅಲುಗಿದರೆ ಬೆರಳು ಒಂದೊಂದು ಸಲ ಒಂದಕ್ಕಿಂತ ಹೆಚ್ಚು ಹಲ್ಲು ಎಳೆದುಬಿಡುತ್ತದೆ. ಆವರ್ತನ ಬದಲಾಗುವುದಿಲ್ಲ, ಅದಕ್ಕೇ ಸದ್ದು ಸರಿಯಾಗಿ ಕೇಳುತ್ತದೆ. ಎಷ್ಟು ಸಲ ಹೀಗೆ ಎಳೆಯುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ, ಅದಕ್ಕೇ ನಿಮ್ಮ ವಾಚು ಒಂದೊಂದು ಗಂಟೆ ಒಂದೊಂದು ಥರ. ಸೆಕೆಂಡ್ ಮುಳ್ಳು ನುಣ್ಣಗೇ ಕಾಣುವುದೂ ಸಹಜ. ಸೆಕೆಂಡಿಗೆ 360 ಹೆಜ್ಜೆಯಲ್ಲಿ ಕೆಲವು ಉದ್ದವಾದರೆ ಕಣ್ಣಿಗೆ ಎಲ್ಲಿ ಗೊತ್ತಾಗುತ್ತದೆ?

ಇನ್ನು, ಯಾಕೆ ಜಾಸ್ತಿ ಅಲುಗುತ್ತಿದೆ? ಈ ವಾಚನ್ನು ಮಾಡಿದ್ದು ಪಾದರಸದ ಸೆಲ್‌ಗೆ. ಅದರ ವೋಲ್ಟೇಜ್ 1.35. ಈಗ ಸಿಗುವ ಸಿಲ್ವರ್ ಆಕ್ಸೈಡ್ ಸೆಲ್ 1.55. ನೀವು ಹಾಕಿದ 387ಎಸ್ ಕೂಡ ಒಳಗೆ ಅದೇ, 394 ಸೆಲ್‌ಗೆ ಸುತ್ತ ಪ್ಲಾಸ್ಟಿಕ್ ಬಳೆ ತೊಡಿಸಿರುತ್ತಾರೆ. 0.2 ವೋಲ್ಟ್ ನೋಡಲು ಸಣ್ಣದು, ಈ ಫೋರ್ಕಿಗೆ ಅದು ದೊಡ್ಡ ತಳ್ಳು.

ಖಾತ್ರಿ ಮಾಡಿಕೊಳ್ಳಲು ಸೆಲ್ ತೆಗೆದು ಪವರ್ ಸಪ್ಲೈನಿಂದ 1.35 ವೋಲ್ಟ್ ಕೊಟ್ಟು ಒಂದು ಗಂಟೆ ಓಡಿಸಿ. ಸೆಲ್ ತೆಗೆಯುವಾಗಲೇ ಪ್ಲಸ್ ಯಾವ ಕಡೆ ಇತ್ತು ಅಂತ ನೋಡಿಟ್ಟುಕೊಳ್ಳಿ. ಮೊದಲು ಸಪ್ಲೈ ಆನ್ ಮಾಡಿ, ಮೀಟರಿನಲ್ಲಿ ಅಳೆದು, ಆಮೇಲೇ ವಾಚಿಗೆ ಮುಟ್ಟಿಸಿ. ಕೆಲವು ಸಪ್ಲೈಗಳು ಆನ್ ಆಗುವ ಕ್ಷಣದಲ್ಲಿ ಜಾಸ್ತಿ ವೋಲ್ಟೇಜ್ ಉಗುಳುತ್ತವೆ.

ಇನ್ನೊಂದು ಮಾತು, ಇದನ್ನು ಕೇಳಲೇಬೇಕು. ಕಾಯಿಲ್‌ಗಳ ಹತ್ತಿರ ಸ್ಕ್ರೂಡ್ರೈವರ್ ಒಯ್ಯಬೇಡಿ. ಫೋರ್ಕಿನ ತುದಿಯಲ್ಲಿ ಅಯಸ್ಕಾಂತವಿದೆ, ಉಕ್ಕಿನ ತುದಿಯನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಕಾಯಿಲಿನ ತಂತಿ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಒಂದು ಗೀಚಿದರೆ ಮುಗಿಯಿತು. ಇಂಡೆಕ್ಸ್ ಚಕ್ರವನ್ನು ಚಿಮಟದಿಂದ ತಿರುಗಿಸಿ ನೋಡುವ ಆಸೆಯೂ ಬೇಡ.

ಕೇಳಿದವರು

1.35ರಲ್ಲಿ ಒಂದು ಗಂಟೆ ಓಡಿಸಿದೆ. ಫೋನಿನ ಸಮಯಕ್ಕೆ ಹಿಡಿದು ನೋಡಿದರೆ ಒಂದು ಸೆಕೆಂಡೂ ಆಚೀಚೆ ಇಲ್ಲ. ನಿಧಾನಕ್ಕೆ ಏರಿಸುತ್ತಾ ಹೋದೆ. 1.45ರವರೆಗೆ ಸರಿ. 1.5 ಆದ ಕೂಡಲೇ ಓಡಲು ಶುರು.

ಉತ್ತರ 3

ನನ್ನ 214ಕ್ಕೂ ಇದೇ ಆಗಿತ್ತು. ನಾನು 1.4 ವೋಲ್ಟಿನ ಜಿಂಕ್-ಏರ್ ಸೆಲ್ ಹಾಕಿದೆ, ಶ್ರವಣ ಸಾಧನಕ್ಕೆ ಹಾಕುತ್ತಾರಲ್ಲ, ಅದು. ಸಮಯ ಸರಿಯಾಯಿತು. ಆದರೆ ಸ್ಟಿಕ್ಕರ್ ತೆಗೆದು ಗಾಳಿ ತಾಗಿದ ಮೇಲೆ ಅದು ವಾಚಿನೊಳಗೆ ಇದ್ದರೂ ಒಣಗುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ನೆಚ್ಚಿಕೊಳ್ಳಲು ಆಗಲಿಲ್ಲ.

ಉತ್ತರ 2

ಹೌದು, ಜಿಂಕ್-ಏರ್ ಪರೀಕ್ಷೆಗೆ ಸಾಕು, ದಿನಾ ಕಟ್ಟುವ ವಾಚಿಗೆ ಬೇಡ.

ನಿಮಗೆ ಎರಡು ದಾರಿ ಇದೆ. ಒಂದು, ವೋಲ್ಟೇಜನ್ನೇ ಇಳಿಸುವುದು. ಒಳಗೇ ಪುಟ್ಟ ಡಯೋಡ್ ಇಟ್ಟು ಇದೇ ವಾಚಿಗೆ ಅಂತ ಮಾಡಿದ ಸೆಲ್‌ಗಳು ಬರುತ್ತವೆ. ಯಂತ್ರವನ್ನು ಮುಟ್ಟಬೇಕಾಗಿಯೇ ಇಲ್ಲ.

ಎರಡು, ಪಾಲ್ ಬೆರಳಿನ ಜಾಗ ಸರಿಮಾಡುವುದು. ಇದಕ್ಕೆ ಫೇಸಿಂಗ್ ಅಂತಾರೆ. ಪಾಲ್ ತನ್ನ ಹಲ್ಲಿನ ಮೇಲೆ ಕೂತಾಗ ಇಂಡೆಕ್ಸ್ ಬೆರಳು ಎರಡು ಹಲ್ಲುಗಳ ನಡುವೆ, ಸರಿಯಾಗಿ ಅರ್ಧದಲ್ಲಿ ಇರಬೇಕು. ಹಾಗಿದ್ದರೆ ಫೋರ್ಕ್ ಸ್ವಲ್ಪ ಜಾಸ್ತಿ ಅಲುಗಿದರೂ ಒಂದೇ ಹಲ್ಲು ಸರಿಯುತ್ತದೆ. ಚೆನ್ನಾಗಿ ಹೊಂದಿಸಿದ 214 ವಾಚುಗಳು 1.55ರಲ್ಲೂ ತಪ್ಪದೆ ಓಡುವುದನ್ನು ನೋಡಿದ್ದೇನೆ. ನಿಮ್ಮದು 1.5ಕ್ಕೇ ತಪ್ಪುತ್ತಿದೆ ಅಂದರೆ ಪಾಲ್ ಸ್ವಲ್ಪ ಸರಿದಿರಬಹುದು. ಹಾಗಂತ ಮೊದಲ ಆಕ್ಯುಟ್ರಾನ್ ಮೇಲೆ, ಅದೂ ಮಾವನವರ ವಾಚಿನ ಮೇಲೆ, ಈ ಕೆಲಸ ಕಲಿಯಬೇಡಿ. ಬೆರಳು ಬಾಗಿದರೆ ಬಿಡಿಭಾಗ ಹುಡುಕುವುದು ಬಲು ಕಷ್ಟ. ನಾನಾಗಿದ್ದರೆ ಈಗ ಡಯೋಡ್ ಸೆಲ್ ಹಾಕಿ ಕಟ್ಟಿಕೊಂಡು ಓಡಾಡುತ್ತಿದ್ದೆ. ತೊಳೆಸಲು ಕೊಡುವಾಗ, ಈ ವಾಚು ಗೊತ್ತಿರುವವರಿಂದ ಫೇಸಿಂಗ್ ಮಾಡಿಸುತ್ತಿದ್ದೆ. ಅಲ್ಲಿಯವರೆಗೆ ಮಾಮೂಲಿ 387ಎಸ್ ಹಾಕಿ ಓಡಿಸಬೇಡಿ, ಹಲ್ಲಿಗೆ ಒಳ್ಳೆಯದಲ್ಲ.

ಕೇಳಿದವರು

ಡಯೋಡ್ ಸೆಲ್ ಹಾಕಿ ಇವತ್ತಿಗೆ ಒಂಬತ್ತು ದಿನ. ಒಟ್ಟು 14 ಸೆಕೆಂಡ್ ಮುಂದಿದೆ. ರೆಗ್ಯುಲೇಟರ್ ಮುಟ್ಟಲಾ?

ಉತ್ತರ 2

ದಿನಕ್ಕೆ ಒಂದೂವರೆ ಸೆಕೆಂಡ್ ಆಯಿತು. ಹೊಸದರಲ್ಲಿ ಕಂಪನಿ ಕೊಟ್ಟ ಭರವಸೆಯೇ ತಿಂಗಳಿಗೆ ಒಂದು ನಿಮಿಷ, ನಿಮ್ಮದು ಅದರೊಳಗೇ ಇದೆ. ಮುಟ್ಟಬೇಡಿ. ರಾತ್ರಿ ತೆಗೆದಿಡುವಾಗ ಮಲಗಿಸಿ ಒಂದು ವಾರ, ನಿಲ್ಲಿಸಿ ಒಂದು ವಾರ ಇಟ್ಟು ನೋಡಿ. ಒಂದರಲ್ಲಿ ಕಮ್ಮಿ ಆಗಬಹುದು.