ಚಿಕ್ಕಪ್ಪನ ಸೆಸ್ನಾ 172 ಮಾರಬೇಕು, ವಿಮಾನದ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಮಲೆನಾಡಿಗ_ಓಹಿಯೋ:

ನಮಸ್ಕಾರ. ಓಹಿಯೋದಲ್ಲಿದ್ದ ಚಿಕ್ಕಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಅವರ ಹೆಸರಲ್ಲಿ 1978ರ ಸೆಸ್ನಾ 172ಎನ್ ಇದೆ, ಎಂಜಿನ್ ಲೈಕಮಿಂಗ್ ಓ-320-ಎಚ್2ಎಡಿ. ಎರಡು ವರ್ಷದಿಂದ ಹಾರಿಲ್ಲ, ಆನ್ಯುಯಲ್ ಇನ್‌ಸ್ಪೆಕ್ಷನ್ (ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ) ಅವಧಿ ಮುಗಿದಿದೆ, ಹ್ಯಾಂಗರ್ ಬಾಡಿಗೆ ಮಾತ್ರ ತಪ್ಪದೆ ಹೋಗುತ್ತಿದೆ. ವಿಲ್ ಪ್ರಕಾರ ಚಿಕ್ಕಮ್ಮನೇ ಎಕ್ಸಿಕ್ಯೂಟರ್ (ಆಸ್ತಿ ವಿಲೇವಾರಿ ಮಾಡುವವರು), ಓಡಾಟ ನನ್ನದು. ಪಕ್ಕದ ಹ್ಯಾಂಗರಿನವರು "ಇದ್ದ ಹಾಗೇ ಕೊಡಿ, ಈ ವಾರವೇ ಚೆಕ್ ಕೊಡ್ತೀನಿ" ಅಂತಿದ್ದಾರೆ.

ಮೊದಲು ನನ್ನ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕಾ? (ನಾನು ಎಚ್-1ಬಿ.) ಎಂಜಿನ್ ಕೆಡದಿರಲಿ ಅಂತ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸಲಾ? ಆನ್ಯುಯಲ್ ಮಾಡಿಸಿ ಮಾರೋದು ಲಾಭವಾ? ಊರಲ್ಲಿ ಅಣ್ಣ "ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ಕಳಿಸಿದರೆ ಒಳ್ಳೆ ರೇಟು ಬರಲ್ವಾ" ಅಂತ ಕೇಳ್ತಿದ್ದಾನೆ.

ಕಾಗದಪತ್ರ_ಕಾಕ:

ಚಿಕ್ಕಪ್ಪನವರ ವಿಷಯ ಕೇಳಿ ಬೇಸರವಾಯಿತು.

ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಯೋಚನೆ ಬಿಡಿ. ಅಮೆರಿಕದಲ್ಲಿ ವ್ಯಕ್ತಿಯೊಬ್ಬರ ಹೆಸರಲ್ಲಿ ವಿಮಾನ ನೋಂದಾಯಿಸಬೇಕಾದರೆ ಅವರು ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿಗೆ ಆಗುವುದಿಲ್ಲ. ಚಿಕ್ಕಮ್ಮನ ಹೆಸರಿಗೂ ಬೇಡ, ಎಕ್ಸಿಕ್ಯೂಟರ್ ಆಗಿ ಅವರು ನೇರವಾಗಿ ಕೊಳ್ಳುವವರಿಗೇ ಬರೆದುಕೊಡಬಹುದು.

ಅದಕ್ಕೆ ಬೇಕಾದದ್ದು ಎರಡು ಕಾಗದ. ಒಂದು, ಪ್ರೊಬೇಟ್ ಕೋರ್ಟ್ (ವಿಲ್ ವ್ಯವಹಾರ ನೋಡುವ ಕೋರ್ಟ್) ಎಕ್ಸಿಕ್ಯೂಟರ್‌ಗೆ ಕೊಡುವ ಅಧಿಕಾರ ಪತ್ರ, ಅಂದರೆ ಲೆಟರ್ಸ್ ಆಫ್ ಅಥಾರಿಟಿಯ ಸರ್ಟಿಫೈಡ್ ಪ್ರತಿ. ಜೆರಾಕ್ಸ್ ನಡೆಯುವುದಿಲ್ಲ, ಒಟ್ಟಿಗೇ ಎರಡು ಮೂರು ತೆಗೆಸಿಟ್ಟುಕೊಳ್ಳಿ. ಇನ್ನೊಂದು, ಎಫ್‌ಎಎಯ (ಅಮೆರಿಕದ ವಿಮಾನಯಾನ ಇಲಾಖೆ) ಬಿಲ್ ಆಫ್ ಸೇಲ್ ಅಂದರೆ ಮಾರಾಟ ಪತ್ರ, ಫಾರ್ಮ್ 8050-2. ಮಾರುವವರ ಜಾಗದಲ್ಲಿ ಚಿಕ್ಕಪ್ಪನವರ ಎಸ್ಟೇಟ್ (ಅವರು ಬಿಟ್ಟುಹೋದ ಆಸ್ತಿ) ಹೆಸರು, ಸಹಿ ಚಿಕ್ಕಮ್ಮನದು, ಸಹಿಯ ಜೊತೆ "ಎಕ್ಸಿಕ್ಯೂಟರ್" ಎಂದು ಹುದ್ದೆ. ಇದನ್ನು ಬರೆಯದೆ ಬರಿ ಸಹಿ ಹಾಕಿ ಕಳಿಸಿದರೆ ಒಕ್ಲಹೋಮ ಸಿಟಿಯ ಎಫ್‌ಎಎ ರಿಜಿಸ್ಟ್ರಿಯಿಂದ (ನೋಂದಣಿ ಕಚೇರಿ) ವಾಪಸ್ ಬರುತ್ತದೆ. ಎನ್-ನಂಬರ್ (ವಿಮಾನದ ನೋಂದಣಿ ಸಂಖ್ಯೆ), ಮಾಡೆಲ್, ಸೀರಿಯಲ್ ನಂಬರ್ ಅಕ್ಷರಶಃ ರಿಜಿಸ್ಟ್ರಿಯಲ್ಲಿ ಇರುವಂತೆಯೇ ಇರಬೇಕು.

ಇವತ್ತೇ ಎಫ್‌ಎಎ ವೆಬ್‌ಸೈಟಿನಲ್ಲಿ ಎನ್-ನಂಬರ್ ಹಾಕಿ ನೋಡಿ. ಜಂಟಿ ಮಾಲೀಕರಿದ್ದರೆ ಅವರೆಲ್ಲರ ಸಹಿಯೂ ಬೇಕು. ಎಲ್ಎಲ್‌ಸಿ (ಒಂದು ಬಗೆಯ ಕಂಪನಿ) ಹೆಸರಲ್ಲಿದ್ದರೆ ಮಾರುವುದು ಎಲ್ಎಲ್‌ಸಿ, ಆಗ ದಾರಿಯೇ ಬೇರೆ.

ಅದರ ಜೊತೆ ಟೈಟಲ್ ಸರ್ಚ್ (ಮಾಲೀಕತ್ವ, ಸಾಲದ ದಾಖಲೆ ಹುಡುಕಾಟ) ಮಾಡಿಸಿ. ಒಕ್ಲಹೋಮ ಸಿಟಿಯಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. 1980ರ ದಶಕದಲ್ಲಿ ಹಿಂದಿನ ಮಾಲೀಕರ್ಯಾರೋ ಸಾಲ ಮಾಡಿ, ತೀರಿಸಿ, ಬ್ಯಾಂಕ್ ರಿಲೀಸ್ (ಸಾಲ ತೀರಿದ ಪತ್ರ) ಕಳಿಸದೇ ಉಳಿದ ಲೀನ್ (ವಿಮಾನದ ಮೇಲಿನ ಸಾಲದ ಹಕ್ಕು) ಇಂಥ ಹಳೇ ವಿಮಾನಗಳಲ್ಲಿ ಸಾಮಾನ್ಯ. ಆ ಬ್ಯಾಂಕ್ ಮುಳುಗಿದ್ದರೆ ಎಫ್‌ಡಿಐಸಿಯಿಂದ (ಅಮೆರಿಕದ ಬ್ಯಾಂಕ್ ಠೇವಣಿ ವಿಮಾ ಸಂಸ್ಥೆ) ರಿಲೀಸ್ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಗಿರಾಕಿ ಬಂದು ಕೂತ ಮೇಲೆ ಇದು ಗೊತ್ತಾದರೆ ವ್ಯಾಪಾರ ಕೆಡುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಮಾಲೀಕರು ತೀರಿಕೊಂಡ 30 ದಿನಕ್ಕೆ ನೋಂದಣಿ ಪತ್ರ ತಾನಾಗಿ ನಿಷ್ಪ್ರಯೋಜಕವಾಗುತ್ತದೆ. ಆನ್ಯುಯಲ್ ಇದ್ದಿದ್ದರೂ ಈಗ ಅದು ಹಾರುವ ಹಾಗಿಲ್ಲ. "ಒಂದು ರೌಂಡ್ ಹಾರಿಸಿ ನೋಡ್ತೀನಿ" ಅಂತ ಯಾರೇ ಕೇಳಿದರೂ ಕೀ ಕೊಡಬೇಡಿ. ಇನ್ಶೂರೆನ್ಸ್ ಕಂಪನಿಗೆ ಸಾವಿನ ವಿಷಯ ತಿಳಿಸಿ, ಪಾಲಿಸಿಯಲ್ಲಿ ಎಸ್ಟೇಟ್ ಹೆಸರು ಸೇರಿಸಿ, ನೆಲದ ಮೇಲೆ ನಿಂತಿರುವ ವಿಮಾನದ ಕವರೇಜ್ ಆದರೂ ಉಳಿಸಿಕೊಳ್ಳಿ.

ತೆರಿಗೆ ಲೆಕ್ಕಕ್ಕೆ, ಚಿಕ್ಕಪ್ಪ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಎಸ್ಟೇಟಿನ ಅಸಲು, ಅಂದರೆ ಕೊಂಡ ಬೆಲೆಯೆಂದು ಲೆಕ್ಕ. ಆ ತಾರೀಕಿಗೆ ಲಿಖಿತ ಅಪ್ರೈಸಲ್ (ಬೆಲೆ ಅಂದಾಜು) ಮಾಡಿಸಿ ಸಿಪಿಎ (ತೆರಿಗೆ ಲೆಕ್ಕಿಗರು) ಕೈಗೆ ಕೊಡಿ.

ಗ್ರೀಸ್_ಗೋಪಿ:

ಎಂಜಿನ್ ಸ್ಟಾರ್ಟ್ ಮಾಡಿಸಬೇಡಿ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಸರಿಯಾಗಿ ಕಾಯುವುದಿಲ್ಲ. ದಹನದಿಂದ ಹುಟ್ಟಿದ ನೀರು ಆವಿಯಾಗಿ ಹೋಗಬೇಕಾದರೆ ಎಣ್ಣೆ ಸುಮಾರು 180 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು, ಅದು ಹಾರಾಟದಲ್ಲೇ ಆಗುವ ಕೆಲಸ. ಇಲ್ಲದಿದ್ದರೆ ಒಳಗೆ ತೇವ ಸೇರಿಸಿ ಮುಚ್ಚಿಟ್ಟ ಹಾಗೆ. ಪ್ರೊಪೆಲ್ಲರ್ ಅನ್ನು ಕೈಯಲ್ಲಿ ತಿರುಗಿಸುವುದೂ ಬೇಡ. ಮ್ಯಾಗ್ನೆಟೋದ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ಕಿಡಿ ಆರಿಸುವ ಪಿ-ಲೀಡ್ ವೈರ್ ಕಡಿದಿದ್ದರೆ ಕೀ ಆಫ್ ಇದ್ದರೂ ಎಂಜಿನ್ ಹೊತ್ತಿಕೊಳ್ಳಬಹುದು, ಕೈ ಹೋಗುತ್ತದೆ.

ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ) ಇರುವುದು ಕ್ರ್ಯಾಂಕ್‌ಶಾಫ್ಟಿನ (ಪ್ರೊಪೆಲ್ಲರ್ ತಿರುಗಿಸುವ ದಂಡ) ಮೇಲೆ. ನಿಲ್ಲಿಸಿದ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು ಕ್ಯಾಮ್ ಒಣಗುತ್ತದೆ, ತುಕ್ಕು ಹಿಡಿಯುತ್ತದೆ. ತುಕ್ಕಿನ ಚುಕ್ಕೆ ಮುಂದೆ ಲಿಫ್ಟರ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಬಿಡಿಭಾಗ) ಮುಖವನ್ನು ತಿನ್ನುತ್ತದೆ. ಎಚ್2ಎಡಿಗೆ ಕ್ಯಾಮ್ ಮತ್ತು ಲಿಫ್ಟರ್ ಸವೆತದ ಕೆಟ್ಟ ಹೆಸರು ಹುಟ್ಟಿನಿಂದಲೇ ಇದೆ, ಬಲ್ಲ ಗಿರಾಕಿ ಮೊದಲು ಕೇಳುವುದು ಅದನ್ನೇ. ಸಮಾಧಾನದ ಸಂಗತಿ ಅಂದರೆ, ಈ ಮಾಡೆಲ್‌ನಲ್ಲಿ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ) ಬಿಚ್ಚದೆ ಲಿಫ್ಟರ್ ಹೊರತೆಗೆದು ನೋಡಬಹುದು. ಉಳಿದ ಹಳೇ ಓ-320ಗಳಲ್ಲಿ ಆ ಅನುಕೂಲ ಇಲ್ಲ. ಲಿಫ್ಟರ್ ಮುಖ ನುಣುಪಾಗಿದೆ ಅಂತ ಫೋಟೋ ಸಮೇತ ತೋರಿಸಿದರೆ ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ. ಎಣ್ಣೆ ಬದಲಿಸಿದಾಗಲೆಲ್ಲ ಎಲ್‌ಡಬ್ಲ್ಯೂ-16702 (ಸವೆತ ತಡೆಯುವ ಮಿಶ್ರಣ) ಸೇರಿಸಿದ್ದಾರಾ, ಅಥವಾ ಅದು ಮೊದಲೇ ಬೆರೆತಿರುವ ಏರೋಶೆಲ್ 15ಡಬ್ಲ್ಯೂ-50 ಎಣ್ಣೆ ಹಾಕಿದ್ದಾರಾ ಎಂದು ಎಂಜಿನ್ ಲಾಗ್‌ಬುಕ್ಕಿನಲ್ಲಿ ನೋಡಿ. ಅದು ಎಡಿ (ಎಫ್‌ಎಎಯ ಸುರಕ್ಷತಾ ಆದೇಶ) ಪ್ರಕಾರ ಕಡ್ಡಾಯ.

ಆನ್ಯುಯಲ್ ವಿಷಯಕ್ಕೆ ಆಮೇಲೆ ಬರೋಣ, ಈಗಲೇ ದುಡ್ಡು ಸುರಿಯಬೇಡಿ. ಐಎ (ಆನ್ಯುಯಲ್‌ಗೆ ಸಹಿ ಹಾಕುವ) ಅಧಿಕಾರ ಇರುವ ಮೆಕ್ಯಾನಿಕ್‌ಗೆ ಇಷ್ಟು ಮಾತ್ರ ಹೇಳಿ: ಸಿಲಿಂಡರುಗಳಿಗೆ ಬೋರ್‌ಸ್ಕೋಪ್ (ಒಳಗಿಳಿಸಿ ನೋಡುವ ಕ್ಯಾಮೆರಾ), ಒಂದೆರಡು ಲಿಫ್ಟರ್, ಎಣ್ಣೆ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ಎಂಬ ನೋಟ, ಸೀಟ್ ರೈಲ್‌ಗಳ ಎಡಿ 2011-10-09 ತಪಾಸಣೆ, ರೆಕ್ಕೆ ಮತ್ತು ಬಾಲದೊಳಗೆ ಇಲಿಗೂಡು. ಇಲಿ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ, ಹೊರಗಿನ ಬಣ್ಣ ಎಷ್ಟೇ ಚಂದ ಇದ್ದರೂ. ಇಷ್ಟೂ ಚೊಕ್ಕಟ ಬಂದರೆ ಆನ್ಯುಯಲ್ ಮಾಡಿಸಿ, ಹಾರುವ ಸ್ಥಿತಿಯ ವಿಮಾನಕ್ಕೆ ಗಿರಾಕಿಗಳು ಹೆಚ್ಚು. ಕ್ಯಾಮ್ ಹೋಗಿದ್ದರೆ ಆನ್ಯುಯಲ್‌ಗೆ ಹಾಕುವ ದುಡ್ಡು ವಾಪಸ್ ಬರುವುದಿಲ್ಲ, ದೋಷ ಬರೆದು ತೋರಿಸಿ ಇದ್ದ ಹಾಗೇ ಮಾರಿ.

1978ರಿಂದ 172ಎನ್‌ನಲ್ಲಿ 28 ವೋಲ್ಟ್ ವ್ಯವಸ್ಥೆ, ಬ್ಯಾಟರಿ 24 ವೋಲ್ಟ್. ಕಾರಿನ 12 ವೋಲ್ಟ್ ಚಾರ್ಜರ್ ಹಚ್ಚಬೇಡಿ.

ಮಲೆನಾಡಿಗ_ಓಹಿಯೋ:

ತುಂಬಾ ಉಪಕಾರವಾಯಿತು. ಮನೆಯಲ್ಲಿ ಒಂದೇ ಲಾಗ್‌ಬುಕ್ ಸಿಕ್ಕಿದೆ, ಏರ್‌ಫ್ರೇಮ್‌ದು (ವಿಮಾನದ ಒಡಲಿನದು). ಬೆಲೆ ಹೇಗೆ ಕಟ್ಟೋದು? ಪಕ್ಕದ ಹ್ಯಾಂಗರಿನವರಿಗೆ ಏನು ಹೇಳಲಿ?

ರನ್‌ವೇ_ರಾಯ:

ಲಾಗ್‌ಬುಕ್ ಸಿಗುವ ತನಕ ಯಾರಿಗೂ ಬೆಲೆ ಹೇಳಬೇಡಿ. ಎಂಜಿನ್ ಮತ್ತು ಪ್ರೊಪೆಲ್ಲರ್ ಪುಸ್ತಕ ಹೆಚ್ಚಾಗಿ ಕೊನೆಯ ಆನ್ಯುಯಲ್ ಮಾಡಿದ ಶಾಪ್‌ನಲ್ಲೇ ಉಳಿದಿರುತ್ತವೆ, ಮೊದಲ ಫೋನ್ ಅಲ್ಲಿಗೆ. ಆಮೇಲೆ ಚಿಕ್ಕಪ್ಪನವರ ಫ್ಲೈಟ್ ಬ್ಯಾಗ್, ಕಾರಿನ ಡಿಕ್ಕಿ. ಏನೂ ಸಿಗದಿದ್ದರೆ ಎಫ್‌ಎಎಯಿಂದ ವಿಮಾನದ ಪೂರ್ತಿ ದಾಖಲೆ ತರಿಸಿ. ಅದರಲ್ಲಿ ದೊಡ್ಡ ರಿಪೇರಿ, ಮಾರ್ಪಾಡುಗಳ ಫಾರ್ಮ್ 337 ಇರುತ್ತವೆ, ಆದರೆ ಎಂಜಿನ್ ಗಂಟೆಗಳ ಇತಿಹಾಸ ಇರುವುದಿಲ್ಲ. ಆ ಇತಿಹಾಸ ಇಲ್ಲದ ಎಂಜಿನ್ನನ್ನು ಗಿರಾಕಿ ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ನವೀಕರಿಸುವುದು) ಬಂದದ್ದೆಂದೇ ಲೆಕ್ಕ ಹಾಕುತ್ತಾನೆ. ಸಿಕ್ಕಿದ್ದನ್ನೆಲ್ಲ ಪುಟಪುಟವಾಗಿ ಸ್ಕ್ಯಾನ್ ಮಾಡಿ, ಮೂಲ ಪ್ರತಿ ದುಡ್ಡು ಬರುವ ತನಕ ಕೈಬಿಡಬೇಡಿ.

ಬೆಲೆಗೆ ವಿರೆಫ್ (ವಿಮಾನ ಬೆಲೆಯ ಕೈಪಿಡಿ) ನೋಡಿ, ಎಓಪಿಎ (ವಿಮಾನ ಮಾಲೀಕರ, ಪೈಲಟ್‌ಗಳ ಸಂಘ) ಸದಸ್ಯರಿಗೆ ಸಿಗುತ್ತದೆ. ಟ್ರೇಡ್-ಎ-ಪ್ಲೇನ್, ಬಾರ್ನ್‌ಸ್ಟಾರ್ಮರ್ಸ್ ಜಾಹೀರಾತು ತಾಣಗಳಲ್ಲಿ ಕಾಣುವುದು ಕೇಳುವ ಬೆಲೆ, ಕೊಟ್ಟ ಬೆಲೆ ಅಲ್ಲ. ಓವರ್‌ಹಾಲ್ ಆಗಿ 900 ಗಂಟೆ ಅಂದರೆ 2,000 ಗಂಟೆಯ ಟಿಬಿಒದಲ್ಲಿ (ಎರಡು ಓವರ್‌ಹಾಲ್ ನಡುವಿನ ಅವಧಿ) ಅರ್ಧವೂ ಆಗಿಲ್ಲ ಅನ್ನಿಸುತ್ತದೆ. ಆದರೆ ಲೈಕಮಿಂಗ್ 12 ವರ್ಷದ ಮಿತಿಯನ್ನೂ ಹೇಳುತ್ತದೆ. 1999ರಲ್ಲಿ ಆದ ಓವರ್‌ಹಾಲ್‌ಗೆ ಯಾರೂ ಅರ್ಧ ಆಯುಷ್ಯದ ಬೆಲೆ ಕೊಡುವುದಿಲ್ಲ. ಟ್ರಾನ್ಸ್‌ಪಾಂಡರ್ ಎಡಿಎಸ್-ಬಿ ಔಟ್ (ವಿಮಾನ ಎಲ್ಲಿದೆ ಎಂದು ತಾನೇ ಬಿತ್ತರಿಸುವ ಸೌಲಭ್ಯ) ಇರುವುದಾ ನೋಡಿ. 2020ರ ಜನವರಿಯಿಂದ ದೊಡ್ಡ ವಿಮಾನ ನಿಲ್ದಾಣಗಳ ಸುತ್ತ ಅದು ಕಡ್ಡಾಯ, ಇಲ್ಲದಿದ್ದರೆ ಅಳವಡಿಸುವ ಖರ್ಚನ್ನು ಗಿರಾಕಿ ಮುರಿದುಕೊಂಡೇ ಮಾತಾಡುತ್ತಾನೆ.

ಪಕ್ಕದ ಹ್ಯಾಂಗರಿನವರ ಬಗ್ಗೆ ಸಂಶಯ ಬೇಡ, ಅವಸರವೂ ಬೇಡ. ವಿಮಾನವನ್ನು ಹತ್ತಿರದಿಂದ ಬಲ್ಲ ಗಿರಾಕಿ ಅವರೇ. "ಮೆಕ್ಯಾನಿಕ್ ವರದಿ ಬರಲಿ, ನಿಮಗೇ ಮೊದಲು ಹೇಳ್ತೀವಿ" ಅನ್ನಿ. ಬ್ರೋಕರ್ ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಕೇಳುತ್ತಾರೆ, ನನ್ನ ಮಟ್ಟಿಗೆ 172ಗೆ ಅದು ದಂಡ.

ಜಕ್ಕೂರಿನ ಮಾತು ಅಣ್ಣನಿಗೆ ಬಿಡಿಸಿ ಹೇಳಿ: ರೆಕ್ಕೆ ಬಿಚ್ಚಿ ಕಂಟೇನರ್‌ಗೆ ಹಾಕಬೇಕು, ಇಲ್ಲಿ ನೋಂದಣಿ ರದ್ದು, ಎಕ್ಸ್‌ಪೋರ್ಟ್ ಏರ್‌ವರ್ದಿನೆಸ್ ಪತ್ರ (ಹಾರಲು ಯೋಗ್ಯ ಎಂಬ ರಫ್ತು ಪತ್ರ), ಅಲ್ಲಿ ಕಸ್ಟಮ್ಸ್, ಡಿಜಿಸಿಎ (ಭಾರತದ ವಿಮಾನಯಾನ ನಿರ್ದೇಶನಾಲಯ), ವಿಟಿ (ಭಾರತದ) ನೋಂದಣಿ. 1978ರ ವಿಮಾನಕ್ಕೆ ಇಷ್ಟು ಖರ್ಚು ಹುಟ್ಟುವುದಿಲ್ಲ.

ಗಿರಾಕಿ ಪ್ರೀ-ಬೈ (ಕೊಳ್ಳುವ ಮುಂಚಿನ) ತಪಾಸಣೆ ಕೇಳಿದರೆ ಒಪ್ಪಿ, ಆದರೆ ಮೊದಲೇ ಬರೆದಿಡಿ: ಮೆಕ್ಯಾನಿಕ್ ಅವರ ಕಡೆಯವರು, ಖರ್ಚು ಅವರದು, ವ್ಯಾಪಾರ ಮುರಿದರೆ ಬಿಚ್ಚಿದ್ದನ್ನು ಜೋಡಿಸುವ ಹೊಣೆಯೂ ಅವರದು. ಮುಂಗಡ ಎಸ್ಕ್ರೋದಲ್ಲಿ (ವ್ಯಾಪಾರ ಮುಗಿಯುವ ತನಕ ದುಡ್ಡು ಇಟ್ಟುಕೊಳ್ಳುವ ಮಧ್ಯಸ್ಥರಲ್ಲಿ) ಇರಲಿ. ಒಪ್ಪಂದದಲ್ಲಿ "ಇದ್ದ ಹಾಗೆ, ಇದ್ದಲ್ಲಿ" ಎಂಬ ಮಾತು ಬೇಕೇ ಬೇಕು. ಕ್ಯಾಶಿಯರ್ಸ್ ಚೆಕ್‌ನಲ್ಲಿ ಹೆಚ್ಚು ಬರೆದು "ಉಳಿದದ್ದನ್ನು ಸಾಗಣೆಯವರಿಗೆ ಕೊಡಿ" ಅನ್ನುವವನು ಮೋಸಗಾರ.

ಹಸ್ತಾಂತರದ ದಿನ ದುಡ್ಡು ವೈರ್ ಆಗಿ ಎಸ್ಕ್ರೋಗೆ ಬಂದ ಮೇಲೆ 8050-2, ಕೋರ್ಟ್ ಪತ್ರ, ಲಾಗ್‌ಬುಕ್, ಕೀ ಕೊಡಿ. ಗಿರಾಕಿ ಅವನ್ನು 8050-1 ನೋಂದಣಿ ಅರ್ಜಿಯ ಜೊತೆ ಎಫ್‌ಎಎಗೆ ಕಳಿಸಿ, ಅರ್ಜಿಯ ಪ್ರತಿ ವಿಮಾನದಲ್ಲಿಟ್ಟುಕೊಂಡು ತಾತ್ಕಾಲಿಕವಾಗಿ ಹಾರಿಸಬಹುದು. ಆನ್ಯುಯಲ್ ಆಗಿಲ್ಲದಿದ್ದರೆ ಅದರ ಮೇಲೆ ಫೆರಿ ಪರ್ಮಿಟ್ (ವಿಮಾನ ಸಾಗಿಸಲು ಮಾತ್ರ ಹಾರುವ ಅನುಮತಿ) ಬೇಕು, ಅದನ್ನು ತರಿಸುವುದು ಅವರ ಕೆಲಸ. ನೀವು ಹಳೇ ನೋಂದಣಿ ಪತ್ರದ ಹಿಂಬದಿ ಕೊಂಡವರ ಹೆಸರು, ವಿಳಾಸ ತುಂಬಿ, ಚಿಕ್ಕಮ್ಮನ ಸಹಿ ಹಾಕಿಸಿ ಒಕ್ಲಹೋಮ ಸಿಟಿಗೆ ಕಳಿಸಿ, ಒಂದು ಫೋಟೋ ಇಟ್ಟುಕೊಳ್ಳಿ. ಇನ್ಶೂರೆನ್ಸ್ ರದ್ದು ಮಾಡಿಸುವುದು ವಿಮಾನ ಹ್ಯಾಂಗರ್ ಬಿಟ್ಟು ಹೋದ ಮೇಲೆ, ದುಡ್ಡು ಬಂದ ದಿನವೇ ಅಲ್ಲ.