ಫೋಟೋಗೆ ಮೇಣ ‘ಹಚ್ಚುವುದೋ’, ‘ಸವರುವುದೋ’, ‘ಕುಡಿಸುವುದೋ’?

ಬೆಳಗಾವಿಯಲ್ಲಿ ನನ್ನದೊಂದು ಸಣ್ಣ ಫೋಟೋ ಪ್ರಿಂಟ್ ಅಂಗಡಿ ಇದೆ. ಇಲ್ಲಿಯ ಮಳೆಗಾಲ ಗೊತ್ತಲ್ವಾ, ಗೋಡೆಯ ತೇವ ಆರುವುದೇ ಇಲ್ಲ, ಚೌಕಟ್ಟಿನೊಳಗೆ ಫೋಟೋ ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಅದಕ್ಕೆ ಇಂಕ್‌ಜೆಟ್ ಪ್ರಿಂಟಿಗೆ ತೆಳ್ಳಗೆ ವ್ಯಾಕ್ಸ್ ಕೊಡಲು ಶುರು ಮಾಡಿದ್ದೇನೆ. ಜೊತೆಗೊಂದು ಕನ್ನಡ ಚೀಟಿ ಇಡಬೇಕು.

‘ಈ ಫೋಟೋಗೆ ಮೇಣ ಹಚ್ಚಿದೆ’ ಎಂದು ಬರೆದೆ. ತೀರಿಹೋದ ಅಪ್ಪನ ಫೋಟೋ ಒಯ್ಯಲು ಬಂದವರು ಓದಿ, ‘ಬತ್ತಿ ನಾವೇ ಹಚ್ತೀವ್ರೀ, ನೀವ್ಯಾಕ ಹಚ್ಚಿದ್ರಿ?’ ಅಂದರು. ನಮ್ಮ ಕಡೆ ಎಣ್ಣೆ, ಬಣ್ಣ, ದೀಪ, ಜಗಳ ಎಲ್ಲವನ್ನೂ ಹಚ್ಚುತ್ತೇವೆ, ಅವರದೇನು ತಪ್ಪು!

‘ಲೇಪನ’ ಅಂದರೆ ಮುಲಾಮು ನೆನಪಾಗುತ್ತದೆ. ‘ಕಲಾಯಿ’ ಅಂದರೆ ಹಿತ್ತಾಳೆ ಪಾತ್ರೆ. ‘ಮೇಣ’ದ್ದೂ ಒಂದು ತಕರಾರಿದೆ, ಮಲೆನಾಡಿನವರು ಹಲಸಿನ ಅಂಟಿಗೂ ಮೇಣ ಅನ್ನುತ್ತಾರೆ, ಅವರಿಗೆ ಈ ಫೋಟೋ ಕೈಗೆ ಅಂಟುತ್ತದೆ ಅನ್ನಿಸೀತು.

‘ಕುಡಿಸು’ ನನಗೆ ಇಷ್ಟದ ಮಾತು. ಹೊಸ ಚಪ್ಪಲಿಗೆ ಎಣ್ಣೆ ಕುಡಿಸುತ್ತೇವಲ್ಲ, ಹಾಗೆ. 1851ರಲ್ಲಿ ಫ್ರಾನ್ಸಿನ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ನೆಗೆಟಿವ್ ತೆಗೆಯುವ ಕಾಗದಕ್ಕೆ ಬಿಸಿ ಮೇಣ ಕುಡಿಸಿದ, ಬೆಳಕು ಸಲೀಸಾಗಿ ಹಾಯಲಿ ಅಂತ. ಅಲ್ಲಿ ಈ ಮಾತು ಸರಿ. ನಮ್ಮ ಪ್ರಿಂಟಿನಲ್ಲಿ ಮೇಣ ಮೇಲೆಯೇ ನಿಲ್ಲಬೇಕು, ಹಾಗಾಗಿ ಸದ್ಯಕ್ಕೆ ‘ಮೇಣ ಸವರಿದ ಫೋಟೋ’ ಎಂದು ಬರೆದಿದ್ದೇನೆ. ‘ಮೇಣದ ಕವಚ’ ಅಂತ ಒಬ್ಬರು ಸೂಚಿಸಿದರು, ಅದು ಸುಮ್ನೆ ದೊಡ್ಡ ಮಾತು. ತೇವ, ಬೆರಳಿನ ಗುರುತು, ಸಣ್ಣ ಗೀರು ತಡೆದೀತು, ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಕಪ್ಪು ಇನ್ನಷ್ಟು ಗಾಢವಾಗಿ ಕಾಣುತ್ತದೆ, ಅಷ್ಟೇ. ಬಿಸಿಲಿಗೆ ಬಣ್ಣ ಮಾಸುವುದನ್ನು ಅದು ತಡೆಯುವುದಿಲ್ಲ.

ಜಾಸ್ತಿ ತಲೆನೋವು ಮುಂದಿನ ಹಂತದ್ದು. ಸವರಿ, ಕೆಲವು ನಿಮಿಷ ಬಿಟ್ಟು, ಮೆತ್ತನೆ ಬಟ್ಟೆಯಿಂದ ಹಗುರಾಗಿ ಹೊಳಪು ತರುವ ಕೆಲಸಕ್ಕೆ ಏನನ್ನಬೇಕು? ಅಂಗಡಿಯ ಹುಡುಗನಿಗೆ ‘ಉಜ್ಜಪ್ಪಾ’ ಅಂದೆ, ಪಾತ್ರೆ ಉಜ್ಜಿದ ಹಾಗೆ ಉಜ್ಜಿ ಕಪ್ಪಿನ ಮೇಲೆ ಬಿಳಿ ಗೀರು ಮೂಡಿಸಿದ. ‘ತಿಕ್ಕು’ ಅಂದರೆ ಇನ್ನೂ ಜೋರು. ‘ಒರೆಸು’ ಅಂದರೆ ಮೇಣವನ್ನೇ ತೆಗೆದುಬಿಡುತ್ತಾನೆ.

ಹಳಗನ್ನಡದಲ್ಲಿ ‘ಒಪ್ಪ’ ಅಂದರೆ ಹೊಳಪು, ‘ಒಪ್ಪವಿಡು’ ಅಂದರೆ ಮೆರುಗು ಕೊಡು. ಈಗ ನಮಗೆ ‘ಒಪ್ಪ ಓರಣ’ದಲ್ಲಿ ಮಾತ್ರ ಉಳಿದಿದೆ, ಅದೂ ಅಚ್ಚುಕಟ್ಟು ಎಂಬ ಅರ್ಥದಲ್ಲಿ. ನಿಮ್ಮ ಊರಿನ ಅಕ್ಕಸಾಲಿಗರೋ ಬಡಗಿಗಳೋ ಇನ್ನೂ ‘ಒಪ್ಪ ಹಾಕು’ ಅಂತ ಆಡುವುದನ್ನು ಯಾರಾದರೂ ಕೇಳಿದ್ದೀರಾ?